ಹತ್ತೊಂಬತ್ತನೆಯ ಸಾಲಿನಿಂದ ಶುರು ಮಾಡಿ

ನಮಸ್ಕಾರ,

4294967297 ಎಂಬ ಸಂಖ್ಯೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸಂಖ್ಯೆ ಚೆನ್ನಾಗಿದೆ, ಬರಹ ಮಾತ್ರ ಅರ್ಜಿ ಫಾರಂ ತುಂಬಿದ ಹಾಗಿದೆ.

ಇಪ್ಪತ್ತೆರಡು ಗುಣಗಳನ್ನು ಸಾಲಾಗಿ ಬರೆದಿದ್ದೀರಿ. ಬೆಸ ಸಂಖ್ಯೆ, ಹತ್ತು ಅಂಕಿ, ಅಂಕಿಗಳ ಮೊತ್ತ 59... ಎಲ್ಲ ಸರಿಯೇ. ಆದರೆ ಕಣ್ಣು ಮುಚ್ಚಿ ಯಾವ ಹತ್ತಂಕಿಯ ಸಂಖ್ಯೆ ಆರಿಸಿದರೂ ಇಂಥ ಪಟ್ಟಿ ಮಾಡಬಹುದು, ಅಲ್ವಾ? ಇದೇ ಸಂಖ್ಯೆ ಯಾಕೆ ಅನ್ನುವುದಕ್ಕೆ ಉತ್ತರ ನಿಮ್ಮ ಹತ್ತೊಂಬತ್ತನೆಯ ಸಾಲಿನಲ್ಲಿ ಮುದುರಿ ಕೂತಿದೆ: ‘ಇದು 641ರಿಂದ ಭಾಗವಾಗುತ್ತದೆ.’

ಅಷ್ಟೇ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ! 1640ರ ಸುಮಾರಿಗೆ ಫ್ರಾನ್ಸಿನ ಗಣಿತಜ್ಞ ಫರ್ಮಾ 2ಕ್ಕೆ 1, 2, 4, 8, 16 ಎಂಬ ಘಾತಗಳನ್ನು ಹಾಕಿ, ಬಂದ ಒಂದೊಂದು ಉತ್ತರಕ್ಕೂ ಒಂದು ಕೂಡಿಸಿ ನೋಡಿದರು. 3, 5, 17, 257, 65537. ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಎಂದು ನಂಬಿದರು. ಮುಂದಿನದು, ಅಂದರೆ ಘಾತ 32 ಹಾಕಿದಾಗ ಬರುವುದೇ, ನಿಮ್ಮ ಸಂಖ್ಯೆ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಅದನ್ನು 641 × 6700417 ಎಂದು ಒಡೆದು ತೋರಿಸಿದರು.

‘ಅದೃಷ್ಟಕ್ಕೆ 641 ಸಿಕ್ಕಿತು’ ಎಂದು ಬರೆದಿದ್ದೀರಿ. ಆ ಮಾತು ತೆಗೆಯಿರಿ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, 64ರ ಮಗ್ಗಿಯಲ್ಲಿ ಬರುವ ಸಂಖ್ಯೆಗಿಂತ ಒಂದು ಜಾಸ್ತಿ ಇರಲೇಬೇಕು. ಅದನ್ನು ಸಾಧಿಸಿದವರೂ ಆಯ್ಲರ್. 641ಕ್ಕಿಂತ ಚಿಕ್ಕ ಅವಿಭಾಜ್ಯಗಳು 115 ಇವೆ. ಈ ಜರಡಿಯಲ್ಲಿ ಉಳಿಯುವುದು ನಾಲ್ಕೇ: 193, 257, 449, 577.

ನಾನೇ ಪೆನ್ನು ಹಿಡಿದು ಕೂತೆ. 193ರಿಂದ ಭಾಗಿಸಿದರೆ ಶೇಷ 109. 257ರಿಂದ ಶೇಷ 2. 2 ಎಂಬ ಈ ಶೇಷ ಸುಮ್ನೆ ಬಂದದ್ದಲ್ಲ. ಫರ್ಮಾ ನೋಡಿದ ಆ ಐದರಲ್ಲಿ ಯಾವುದರಿಂದ ಭಾಗಿಸಿದರೂ ಎರಡೇ ಉಳಿಯುತ್ತದೆ. ಇಪ್ಪತ್ತೆರಡು ಗುಣ ಬರೆದವರು ಇದನ್ನೇ ಬಿಟ್ಟಿದ್ದೀರಿ ನೋಡಿ. 449ರಿಂದ ಶೇಷ 325, 577ರಿಂದ 288. ಆಮೇಲೆ 641. ಶೇಷ ಸೊನ್ನೆ. ಆ ಸೊನ್ನೆ ಕಂಡಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಉತ್ತರ ಮೊದಲೇ ಗೊತ್ತಿದ್ದವನಿಗೇ ಹೀಗಾದರೆ, ಗೊತ್ತಿಲ್ಲದೆ ಓದುವವರಿಗೆ ಹೇಗಾಗಬೇಡ?

ಸಣ್ಣಪುಟ್ಟದ್ದು: ಎರಡನೆಯ ಪುಟದಲ್ಲಿ 42 ಕೋಟಿ ಎಂದಿದೆ, 429 ಕೋಟಿ ಆಗಬೇಕು. ಕಂಪ್ಯೂಟರಿನ 32 ಬಿಟ್‌ನಲ್ಲಿ (0 ಅಥವಾ 1 ಹಿಡಿಯುವ 32 ಮನೆಗಳಲ್ಲಿ) ಹಿಡಿಯುವ ಅತಿ ದೊಡ್ಡ ಸಂಖ್ಯೆ ಇದಲ್ಲ, ಇದಕ್ಕಿಂತ ಎರಡು ಕಡಿಮೆ. ‘ಅದ್ಭುತ’ ಏಳು ಸಲ ಬಂದಿದೆ, ಏಳನ್ನೂ ಹೊಡೆದುಹಾಕಿ.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಒಂದು ಭಾಗಾಕಾರವನ್ನಾದರೂ ಪೂರ್ತಿ ಬಿಡಿಸಿ ತೋರಿಸಿ. 577ರದ್ದು ಬೇಡ, ಅದರಲ್ಲಿ ನಾನೇ ಎರಡು ಸಲ ಎಡವಿದೆ.

ಇಂತಿ,
ಸಂಪಾದಕ