ಕೊಲೆಗಾರ ಯಾರೆಂದು ಗೊತ್ತಾದ ಮೇಲೆ

ನಮಸ್ಕಾರ ಟೀಚರ್. 'ಈ ಮಳೆಗಾಲದಲ್ಲಿ ಒಂಬತ್ತು ಥ್ರಿಲ್ಲರ್ ಓದಿದೆ, ಒಂದರ ಕಥೆಯೂ ತಲೆಯಲ್ಲಿ ನಿಂತಿಲ್ಲ, ಆದರೆ ಹೈಸ್ಕೂಲಿನಲ್ಲಿ ಕದ್ದು ಓದಿದ ಪತ್ತೇದಾರ ಪುರುಷೋತ್ತಮ ಇನ್ನೂ ಕಣ್ಣ ಮುಂದೆ ಇದ್ದಾನೆ, ಇದು ವಯಸ್ಸಿನ ಮರೆವಾ' ಅಂತ ಉಡುಪಿಯಿಂದ ಬರೆದು ಕೇಳಿದ್ದೀರಿ. ವಯಸ್ಸಿನದ್ದಲ್ಲ. ನನಗೂ ಹಾಗೇ ಆಗುತ್ತದೆ.

ಕಳೆದ ತಿಂಗಳು ಬೆಂಗಳೂರಿಗೆ ಹೋಗುವಾಗ ಮಂಗಳೂರು ಜಂಕ್ಷನ್‌ನಲ್ಲಿ ಶುರು ಮಾಡಿದ ಪುಸ್ತಕ ಹಾಸನ ಬರುವಾಗ ಮುಗಿದಿತ್ತು. ಘಾಟಿಯ ಸುರಂಗಗಳು ಬಂದು ಹೋದದ್ದೂ ಗೊತ್ತಾಗಲಿಲ್ಲ. ಮನೆಗೆ ಬಂದು ಮಗಳಿಗೆ ಕಥೆ ಹೇಳಲು ಕೂತರೆ ಕೊಂದವನು ಯಾರು ಅಂತ ನೆನಪುಂಟು, ಸತ್ತ ಹೆಂಗಸಿನ ಹೆಸರೇ ಇಲ್ಲ. ಕೊನೆಯ ಒಂದು ತಿರುವಿಗೋಸ್ಕರ ಬರೆದ ಪುಸ್ತಕದಲ್ಲಿ ತಿರುವು ಮುಗಿದ ಮೇಲೆ ಉಳಿಯುವುದಾದರೂ ಏನು?

ಹಳೇ ಪತ್ತೇದಾರರ ಲೆಕ್ಕ ಬೇರೆ. ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಓದುವವರು ಬರುತ್ತಿದ್ದದ್ದು ಒಗಟಿಗಿಂತ ಜಾಸ್ತಿ ಪುರುಷೋತ್ತಮನಿಗಾಗಿ. ನಿಮ್ಮ ಮಗ ಬಿಟ್ಟುಹೋದ ಡಾಕ್ ಸ್ಯಾವೇಜ್ ಪುಸ್ತಕಗಳನ್ನು ಓದಬಹುದಾ ಅಂತಲೂ ಕೇಳಿದ್ದೀರಲ್ವಾ, ಅವನೂ ಇದೇ ಜಾತಿಯ ಹೀರೋ. 1933ರಲ್ಲಿ ಅಮೆರಿಕದ ಅಗ್ಗದ ಮಾಸಪತ್ರಿಕೆಯಲ್ಲಿ ಹುಟ್ಟಿದವನು. ಕಂಚಿನ ಬಣ್ಣದ ಮೈ, ಜೊತೆಗೆ ಐದು ಜನ ಗೆಳೆಯರು, ನ್ಯೂಯಾರ್ಕಿನ ಗಗನಚುಂಬಿ ಕಟ್ಟಡದ 86ನೇ ಮಹಡಿಯಲ್ಲಿ ಆಫೀಸು. 1949ರವರೆಗೆ 181 ಸಂಚಿಕೆ ಬಂದವು. ಹೆಚ್ಚಿನವನ್ನು ಬರೆದದ್ದು ಲೆಸ್ಟರ್ ಡೆಂಟ್, ಆದರೆ ಲೇಖಕರ ಜಾಗದಲ್ಲಿ ಕೆನೆತ್ ರೋಬ್ಸನ್ ಅಂತ ಪ್ರಕಾಶಕರು ಇಟ್ಟ ಕಾವ್ಯನಾಮವೇ ಇರುತ್ತಿತ್ತು. ತಿಂಗಳಿಗೊಂದು ಕಾದಂಬರಿ ಕೊಡಬೇಕಾದವನಿಗೆ ಹೀರೋನ ಮನಸ್ಸಿನ ಆಳಕ್ಕೆ ಇಳಿಯಲು ಪುರುಸೊತ್ತು ಎಲ್ಲಿ? ಅದಕ್ಕೇ ಆತ ಹೀರೋನನ್ನು ಒಂದೇ ಸಲಕ್ಕೆ ಕಣ್ಣಿಗೆ ಕಟ್ಟುವ ಹಾಗೆ ನಿಲ್ಲಿಸಿಬಿಟ್ಟ. ದೂರದ ದೇಶದವರನ್ನು ಚಿತ್ರಿಸಿದ ರೀತಿ ಇವತ್ತು ಓದುವಾಗ ಬೇಸರ ತರಿಸುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಓದಿ. ನಮ್ಮ ಮಳೆಗೆ ಆ ಕಾಗದಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ, ಬಿಸಿಲು ಬಂದ ದಿನ ಜಗಲಿಯಲ್ಲಿ ಬಿಡಿಸಿಡಿ.

ಹಾಗಂತ ಒಗಟಿನ ಕಥೆಗಳೆಲ್ಲ ಒಂದೇ ಸಲಕ್ಕೆ ಮುಗಿಯುವಂಥವು ಅಂತ ನಾನು ಒಪ್ಪುವುದಿಲ್ಲ. ಕಾಲೇಜಿನ ದಿನಗಳಲ್ಲಿ ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಬಾಡಿಗೆ ಲೈಬ್ರರಿಯಿಂದ ತಂದ ಪುಸ್ತಕದ 14ನೇ ಪುಟದಲ್ಲಿ ಯಾರೋ ಒಂದು ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ 'ಇವನೇ' ಅಂತ ಬರೆದಿದ್ದರು. ಸಿಟ್ಟಿನಿಂದ ಅಳುವೇ ಬಂದಿತ್ತು. ಹೊರಗೆ ಜೋರು ಮಳೆ, ಬದಲಿಸಿ ತರುವ ಹಾಗಿಲ್ಲ, ಅದನ್ನೇ ಓದಿದೆ. ಆಗ ಗೊತ್ತಾಯಿತು, ಆ ಮನುಷ್ಯ ಒಂದು ಸಲವೂ ಸುಳ್ಳು ಹೇಳಿಯೇ ಇಲ್ಲ. ಕೇಳಿದವರೇ ತಪ್ಪಾಗಿ ಅರ್ಥ ಮಾಡಿಕೊಂಡದ್ದು. ಲೇಖಕರು ಎಲ್ಲವನ್ನೂ ಎದುರೇ ಇಟ್ಟಿದ್ದರು, ಒಂದೊಂದು ಮಾತನ್ನೂ ತೂಕ ಮಾಡಿ. ಆ ಪುಸ್ತಕ ಇವತ್ತಿಗೂ ಮರೆತಿಲ್ಲ.

ಮರುದಿನ ವಾಪಸ್ ಕೊಡುವ ಮೊದಲು ಆ ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಉಜ್ಜಿ ಅಳಿಸಿದೆ.