ಕರಡಿಗೆ ಕೆರೆಯಲು ಮಣ್ಣು ಬೇಕು

ಪ್ರಶ್ನೆ: ಮೃಗಾಲಯಗಳಲ್ಲಿ ಕರಡಿ ದಿನವಿಡೀ ಒಂದೇ ಜಾಡಿನಲ್ಲಿ ಅತ್ತಿಂದಿತ್ತ ಓಡಾಡುವುದನ್ನು ನೋಡಿದ್ದೇನೆ. ಜಾಗ ಸಾಲದೆ ಹೀಗೆಯೇ? ನಮ್ಮೂರ ಬಳಿಯ ಆಡುಮಲ್ಲೇಶ್ವರ ಕಿರು ಮೃಗಾಲಯದಂಥ ಕಡೆ ಹೊಸ ಆವರಣ ಕಟ್ಟುವುದಾದರೆ ಹೇಗಿರಬೇಕು?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಜಾಗವೂ ಬೇಕು, ಆದರೆ ಅದಕ್ಕಿಂತ ಮುಖ್ಯವಾಗಿ ಕೆಲಸ ಬೇಕು. ಕಾಡಿನಲ್ಲಿ ಕರಡಿಯ ಹೊತ್ತೆಲ್ಲ ಹುತ್ತ ಕೆದಕುವುದರಲ್ಲಿ, ಬಾರೆ, ಕವಳೆ, ಕಕ್ಕೆಕಾಯಿ ಹುಡುಕುವುದರಲ್ಲಿ ಕಳೆಯುತ್ತದೆ. ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಬಾಚಿಹಲ್ಲು ಇರುವುದೇ ಇಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್ರನೆ ಹೀರುತ್ತದೆ. ಇಂಥ ಪ್ರಾಣಿಗೆ ಸಿಮೆಂಟ್ ನೆಲ ಹಾಕಿ, ಹೊತ್ತಿಗೆ ಸರಿಯಾಗಿ ತಟ್ಟೆ ಇಟ್ಟುಬಿಟ್ಟರೆ ಉಳಿದ ಹೊತ್ತು ಅದು ಏನು ಮಾಡಬೇಕು?

ಮೊದಲು ಮೂರಡಿಯಾದರೂ ಸಡಿಲ ಮಣ್ಣು ತುಂಬಿಸಿ. ಗೋಡೆಯ ಪಾಯ ಅದಕ್ಕಿಂತ ಆಳಕ್ಕೆ ಇಳಿದಿರಲಿ, ಇಲ್ಲವಾದರೆ ಬುಡ ತೋಡಿಕೊಂಡು ಹೊರಬರುತ್ತದೆ. ಆಮೇಲೆ ಗೋಡೆಗೆ ಹೊಂದಿಕೊಂಡಂತೆ ಟೊಳ್ಳು ಹುತ್ತವೊಂದನ್ನು ಕಟ್ಟಿ. ಮುಂದೆ ಮೂತಿ ಮಾತ್ರ ತೂರುವ ತೂತು (ತಲೆ ಹೋಗುವಷ್ಟಿದ್ದರೆ ಸಿಕ್ಕಿಕೊಳ್ಳುತ್ತದೆ), ಹಿಂದೆ ಹೊರಗಿನಿಂದ ತೆಗೆದು ತೊಳೆಯಬಹುದಾದ ಸ್ಟೀಲ್ ಬೋಗುಣಿ. ಅದಕ್ಕೆ ರಾಗಿ ಅಂಬಲಿ, ಒಂದಿಷ್ಟು ಜೇನು. ಬೋಗುಣಿ ಬಿಟ್ಟು ನೇರವಾಗಿ ಹುತ್ತದೊಳಗೇ ಸುರಿದರೆ ಉಳಿದದ್ದು ಹುಳಿತು ಇರುವೆ ಮುತ್ತುತ್ತವೆ. ಹೊಂಗೆ ದಿಮ್ಮಿಗೆ ತೂತು ಕೊರೆದು ಬೆಲ್ಲ ತುರುಕಿಟ್ಟರೂ ಆದೀತು. ಹೊತ್ತು ಮತ್ತು ಜಾಗ ದಿನವೂ ಬದಲಾಗಲಿ. ದಿನಾ ಹತ್ತಕ್ಕೇ ಕೊಟ್ಟರೆ ಒಂಬತ್ತೂವರೆಗೇ ಬಾಗಿಲ ಬಳಿ ಅದೇ ಓಡಾಟ ಶುರು.

ದುರ್ಗದಲ್ಲಿ ಬಂಡೆಗೇನೂ ಬರವಿಲ್ಲ. ಆದರೆ ಏಪ್ರಿಲ್ ಬಿಸಿಲಿಗೆ ಕಾದ ಬಂಡೆ ರಾತ್ರಿಯವರೆಗೂ ಆರುವುದಿಲ್ಲ. ಗುಹೆಯ ಬಾಯಿ ಉತ್ತರಕ್ಕಿರಲಿ, ಪಡುವಣಕ್ಕೆ ಹೊಂಗೆ, ಬೇವು ಬೆಳೆಸಿ. ಸಸಿಯ ಬುಡಕ್ಕೆ ಸುತ್ತ ದಪ್ಪ ಕಲ್ಲು ಜೋಡಿಸದಿದ್ದರೆ ಒಂದೇ ದಿನದಲ್ಲಿ ಕಿತ್ತುಹಾಕುತ್ತದೆ. ಗೋಡೆಗೆ ಒತ್ತಿಕೊಂಡು ಬಂಡೆ ಇಡಲೇಬೇಡಿ, ಅದು ಏಣಿಯಾಗುತ್ತದೆ. ಇನ್ನು, ನಕ್ಷೆಗೆ ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಸಿಗುವ ಮುಂಚೆ ಗುದ್ದಲಿ ಹಾಕುವಂತಿಲ್ಲ.

ಪ್ರಶ್ನೆ: ಜನ ಕಲ್ಲು, ಕುರುಕಲು ಎಸೆಯುವುದನ್ನು ಕಟ್ಟಡದ ವಿನ್ಯಾಸದಿಂದಲೇ ತಡೆಯಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಹುಮಟ್ಟಿಗೆ ತಡೆಯಬಹುದು. ಮೇಲೆ ನಿಂತು ಬಗ್ಗಿ ನೋಡುವ ಗುಂಡಿ ಇದ್ದರೆ ಎಸೆಯಲು ಕೈ ತಾನಾಗಿ ಹೋಗುತ್ತದೆ. ಪ್ರಾಣಿಯ ಮಟ್ಟದಲ್ಲೇ, ಒಂದು ಬದಿಯಲ್ಲಿ ಮಾತ್ರ, ಸೂರಿನ ಕೆಳಗೆ ಲ್ಯಾಮಿನೇಟೆಡ್ ಗಾಜು ಹಾಕಿ. ಉಳಿದ ಮೂರು ಬದಿಗೆ ಪೊದೆ ಬೆಳೆಸಿ, ಪ್ರಾಣಿಗೆ ಮರೆಯಾಗಲು ಜಾಗವಿರಲೇಬೇಕು. ಸೂರಿಲ್ಲದಿದ್ದರೆ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದೆ, ಆಗ ಜನ ಗಾಜು ತಟ್ಟುತ್ತಾರೆ. ಗಾಜು ಮೊಣಕಾಲ ಮಟ್ಟದಿಂದಲೇ ಶುರುವಾದರೆ ಮಕ್ಕಳಿಗೂ, ಗಾಲಿಕುರ್ಚಿಯವರಿಗೂ ಕಾಣುತ್ತದೆ. ಗಾಲಿಕುರ್ಚಿ ಹೋಗುವ ಇಳಿಜಾರು ದಾರಿ ಒಂದಡಿ ಏರಿಗೆ ಹನ್ನೆರಡು ಅಡಿ ಉದ್ದವಿರಲಿ. ಕುಡಿಯುವ ನೀರು, ತಿಂಡಿ ಅಂಗಡಿ ಆವರಣದಿಂದ ದೂರವಿರಲಿ.