ಶಾಲೆಯ ಗೇಟಿನಲ್ಲಿ ಮಗ ಕೈ ಬಿಡಿಸಿಕೊಂಡ

ಪ್ರಶ್ನೆ: ನಾನು ಸಿನಿಮಾ ಹಾಸ್ಯನಟ. ವಯಸ್ಸು 41. ಹನ್ನೆರಡು ವರ್ಷದಿಂದ ಉಗ್ಗುವ ಪಾತ್ರಗಳೇ ನನ್ನ ಹೊಟ್ಟೆಪಾಡು. ಮೊದಲ ಸಿನಿಮಾದಲ್ಲಿ ಇದ್ದದ್ದು ಎರಡೇ ಸೀನ್. ಸುಮ್ನೆ ಒಂದು ಮಾತನ್ನು ಉಗ್ಗಿ ಹೇಳಿದೆ, ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಬಂದವರೆಲ್ಲ ಅದನ್ನೇ ಕೇಳಿದರು. ನನ್ನ ಮಗನಿಗೆ ಈಗ ಒಂಬತ್ತು. ನಾಲ್ಕನೇ ವಯಸ್ಸಿನಿಂದ ಅವನಿಗೆ ನಿಜವಾಗಿಯೂ ಉಗ್ಗು ಇದೆ. ಯಾರಾದರೂ ಹೆಸರು ಕೇಳಿದರೆ ನನ್ನ ಮುಖ ನೋಡುತ್ತಾನೆ, ನಾನೇ ಹೇಳಿಬಿಡುತ್ತೇನೆ. 'ನೀನು ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿ ಮಾಡಿ ಮಗುಗೆ ಅಂಟಿಸಿದೆ' ಅಂತ ಅಮ್ಮ ಅನ್ನುತ್ತಾರೆ. ಹೋದ ತಿಂಗಳು ಅವನನ್ನು ಶಾಲೆಗೆ ಬಿಡಲು ಹೋಗಿದ್ದೆ. ಗೇಟಿನ ಹತ್ತಿರ ಒಬ್ಬರು 'ಸಾರ್, ಒಂದ್ ಸಲ ಮಾಡಿ ಸಾರ್' ಅಂದರು. ಮಾಡಿದೆ. ಎಲ್ಲರೂ ನಕ್ಕರು. ಮಗ ಕೈ ಬಿಡಿಸಿಕೊಂಡು ಒಳಗೆ ಹೋದ. ರಾತ್ರಿ 'ಇನ್ಮೇಲೆ ಅಮ್ಮನೇ ಬಿಡಲಿ' ಅಂದ. ಈಗ ಒಂದು ದೊಡ್ಡ ಸಿನಿಮಾ ಬಂದಿದೆ. ಹೀರೋ ಜೊತೆ ಮೊದಲಿಂದ ಕೊನೆತನಕ ಇರುವ ಪಾತ್ರ. ಮತ್ತೆ ಅದೇ ಉಗ್ಗು. ನಾನು ಬೇಡ ಅಂದರೆ ಇನ್ನೊಬ್ಬ ಮಾಡುತ್ತಾನೆ. ಮನೆ ಸಾಲ ತಲೆಮೇಲಿದೆ. ಮಗನನ್ನೇ ಕೇಳಿ ತೀರ್ಮಾನ ಮಾಡೋಣ ಅನ್ನುತ್ತಾಳೆ ಹೆಂಡತಿ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಮೊದಲು ನಿಮ್ಮ ಅಮ್ಮನ ಮಾತನ್ನು ಮುಗಿಸಿಬಿಡೋಣ. ಉಗ್ಗು ನೆಗಡಿಯಲ್ಲ, ಅಂಟುವುದಕ್ಕೆ. ಹೆಚ್ಚಿನ ಮಕ್ಕಳಲ್ಲಿ ಅದು ಶುರುವಾಗುವುದೇ ಎರಡರಿಂದ ಐದು ವರ್ಷದೊಳಗೆ, ಮಾತು ಚಿಗುರುವ ಹೊತ್ತಿನಲ್ಲಿ. ನಿಮ್ಮ ಮಗನಿಗೂ ಹಾಗೇ ಆಗಿದೆ. ಮಿದುಳು ಮಾತನ್ನು ಜೋಡಿಸಿ ಬಾಯಿಗೆ ಕಳಿಸುವ ಕ್ರಮದಲ್ಲೇ ಒಂದು ವ್ಯತ್ಯಾಸ ಇರುತ್ತದೆ. ಒಂದೇ ಕುಟುಂಬದಲ್ಲಿ ನಾಲ್ಕಾರು ಜನರಿಗೆ ಇರುವುದೂ ಉಂಟು. ಬಹಳ ಮಕ್ಕಳಿಗೆ ದೊಡ್ಡವರಾಗುತ್ತಾ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಳಿದುಕೊಳ್ಳುತ್ತದೆ, ಅದರಲ್ಲೂ ಗಂಡಸರಿಗೇ ಜಾಸ್ತಿ. ಅಪ್ಪ ಕನ್ನಡಿ ಮುಂದೆ ಉಗ್ಗಿದ್ದರಿಂದ ಮಗುವಿಗೆ ಉಗ್ಗು ಬರುವುದಿಲ್ಲ. ಅಮ್ಮನನ್ನೇ ಸ್ವಲ್ಪ ಕೆದಕಿ ಕೇಳಿ ನೋಡಿ. ಯಾರೋ ಚಿಕ್ಕಪ್ಪನಿಗೋ ಸೋದರಮಾವನಿಗೋ ಇದ್ದದ್ದು ಆಗ ನೆನಪಾಗಬಹುದು!

ಇಷ್ಟು ಹೇಳಿದೆ ಅಂತ ಗೇಟಿನ ಲೆಕ್ಕ ಚುಕ್ತಾ ಆಗಲಿಲ್ಲ. ಉಗ್ಗು ನೀವು ಕೊಟ್ಟದ್ದಲ್ಲ, ನಿಜ. ಆದರೆ ಅವತ್ತಿನ ನಗು ನೀವೇ ಕೊಟ್ಟದ್ದು.

ಯಾಕೆ ಕೊಟ್ಟಿರಿ ಅನ್ನುವುದು ನನಗೆ ಅರ್ಥವಾಗುತ್ತದೆ. ನಾಟಕದ ನಟನಿಗೆ ನಗು ಅಲ್ಲೇ, ಆ ಕ್ಷಣವೇ ಸಿಗುತ್ತದೆ. ಸಿನಿಮಾದವರಿಗೆ ಆ ಭಾಗ್ಯ ಇಲ್ಲ. ಶಾಟ್ ನಡೆಯುವಾಗ ಸೆಟ್ಟಿನಲ್ಲಿ ಯಾರೂ ನಗುವ ಹಾಗಿಲ್ಲ, ನಕ್ಕರೆ ಟೇಕ್ ಹಾಳು. ನೀವು ಮಾಡಿದ ಜೋಕಿಗೆ ಜನ ನಗುವುದು ಎಷ್ಟೋ ತಿಂಗಳಾದ ಮೇಲೆ, ನೀವು ಇಲ್ಲದ ಥಿಯೇಟರಿನಲ್ಲಿ. ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಅಂತ ಅಂದಾಜು ಮಾಡಿ, ಮುಂದಿನ ಮಾತು ಆ ನಗುವಿನಲ್ಲಿ ಮುಳುಗದ ಹಾಗೆ ಜಾಗ ಬಿಡಬೇಕು. ಪೂರ್ತಿ ಸಾಲದ ವ್ಯಾಪಾರ. ಹಾಗಿರುವಾಗ ರಸ್ತೆಯಲ್ಲಿ ಒಬ್ಬ 'ಒಂದ್ ಸಲ ಮಾಡಿ ಸಾರ್' ಅಂದರೆ? ನಗು ನಗದಾಗಿ ಸಿಗುತ್ತಿದೆ, ಯಾರು ಬಿಡುತ್ತಾರೆ?

ಆದರೂ ಬಿಡಬೇಕು. ಇವತ್ತಿನಿಂದಲೇ. ಪರದೆಯ ಮೇಲೆ ಉಗ್ಗುವುದು ಒಂದು ಪಾತ್ರ. ಅದಕ್ಕೊಂದು ಹೆಸರಿದೆ, ಕಥೆಯಿದೆ, ಕಷ್ಟಸುಖ ಇದೆ. ಗೇಟಿನ ಹತ್ತಿರ ಪಾತ್ರವೂ ಇರಲಿಲ್ಲ, ಕಥೆಯೂ ಇರಲಿಲ್ಲ. ಬರೀ ಉಗ್ಗು ಇತ್ತು. ಅದನ್ನು ಕೇಳಿ ನಕ್ಕವರು ಪ್ರತಿದಿನ ಅವನ ಕಣ್ಣಿಗೆ ಬೀಳುವ ಜನ.

ಈಗ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಹಿಂದೆ ನಾನು ಒಂದು ಹವ್ಯಾಸಿ ನಾಟಕ ತಂಡದಲ್ಲಿ ಪ್ರಾಂಪ್ಟರ್ ಆಗಿದ್ದೆ. ಸೈಡ್ ವಿಂಗಿನಲ್ಲಿ ಸ್ಕ್ರಿಪ್ಟ್ ಹಿಡಿದು ಕೂತು, ಮರೆತವರಿಗೆ ಮಾತು ನೆನಪಿಸುವ ಕೆಲಸ. ನಮ್ಮ ಹಾಸ್ಯನಟ ಒಂದು ಕಡೆ ಮಾತಿನ ನಡುವೆ ನಿಂತುಬಿಟ್ಟ. ಒಂದು ಸೆಕೆಂಡ್, ಎರಡು, ಮೂರು. ನನ್ನ ಎದೆ ಡವಡವ. ಮುಂದಿನ ಮಾತನ್ನು ಪಿಸುಗುಟ್ಟಿದೆ, ಅದೂ ಸ್ವಲ್ಪ ಜೋರಾಗಿಯೇ. ಮುಂದಿನ ಎರಡು ಸಾಲಿನವರಿಗೆ ಕೇಳಿಸಿತು. ನಗು ಸತ್ತುಹೋಯಿತು. ನಾಟಕ ಮುಗಿದ ಮೇಲೆ ಅವನು ಬಂದು ಹೇಳಿದ: 'ಅಕ್ಕಾ, ನಾನು ಮರೆತಿರಲಿಲ್ಲ. ಕಾಯ್ತಿದ್ದೆ.'

ನಿಮ್ಮ ಪತ್ರದಲ್ಲಿ 'ನಾನೇ ಹೇಳಿಬಿಡುತ್ತೇನೆ' ಅನ್ನುವಲ್ಲಿಗೆ ಬಂದಾಗ ನನಗೆ ಅವನೇ ನೆನಪಾದ. ನಿಮ್ಮ ಮಗ ಹೆಸರು ಮರೆತಿಲ್ಲ. ಅದು ದಾರಿಯಲ್ಲಿದೆ. ಉಗ್ಗು ಇರುವವರಿಗೆ ಅತಿ ಕಷ್ಟದ ಪದಗಳಲ್ಲಿ ತಮ್ಮ ಹೆಸರೂ ಒಂದು. ಬೇರೆ ಪದ ಸಿಕ್ಕಿಹಾಕಿಕೊಂಡರೆ ಅದರ ಬದಲು ಇನ್ನೊಂದು ಹಾಕಬಹುದು. ಹೆಸರಿಗೆ ಬದಲಿ ಎಲ್ಲಿಂದ ತರುವುದು? ಮುಂದಿನ ಸಲ ಅವನು ನಿಮ್ಮ ಮುಖ ನೋಡಿದಾಗ ನೀವೂ ಅವನ ಮುಖ ನೋಡಿ, ಅವಸರ ಇಲ್ಲದೆ, ಕಾಯಿರಿ. ಅವನೇ 'ಅಪ್ಪಾ, ನೀನು ಹೇಳು' ಅಂದರೆ ಹೇಳಿ, ಅದು ಬೇರೆ. 'ನಿಧಾನ', 'ಉಸಿರು ತಗೋ', 'ಮೊದಲಿಂದ ಹೇಳು' ಅನ್ನುವುದೆಲ್ಲ ಬೇಡ. ಅವನಿಗೆ ಅದು ಸಹಾಯ ಅನ್ನಿಸುವುದಿಲ್ಲ, ತಪ್ಪು ಮಾಡಿದೆ ಅನ್ನಿಸುತ್ತದೆ. ಅವನ ಹತ್ತಿರ ಮಾತಾಡುವಾಗ ನೀವೇ ಸ್ವಲ್ಪ ನಿಧಾನವಾದರೆ ಸಾಕು. ಇನ್ನೂ ತೋರಿಸಿಲ್ಲ ಅಂತಾದರೆ ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಒಂಬತ್ತು ವರ್ಷಕ್ಕೆ ತಡವಾಯಿತು ಅಂತೇನಿಲ್ಲ.

ಇನ್ನು ಸಿನಿಮಾ. ಇಲ್ಲಿ ನಿಮ್ಮ ಹೆಂಡತಿಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮಗನನ್ನು ಕೇಳಿ ತೀರ್ಮಾನ ಮಾಡಬೇಡಿ. 'ಮಾಡು' ಅಂದರೆ ನಾಳೆ ಶಾಲೆಯಲ್ಲಿ ಆಗುವ ಪ್ರತಿಯೊಂದು ಗೇಲಿಗೂ ತಾನೇ ಒಪ್ಪಿಗೆ ಕೊಟ್ಟೆ ಅಂದುಕೊಳ್ಳುತ್ತಾನೆ. 'ಬೇಡ' ಅಂದರೆ ಮನೆಯಲ್ಲಿ ದುಡ್ಡಿನ ಮಾತು ಬಂದಾಗಲೆಲ್ಲ ಮುದುಡಿ ಕೂರುತ್ತಾನೆ. ಮನೆ ಸಾಲವನ್ನು ಒಂಬತ್ತು ವರ್ಷದ ಹುಡುಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನ ಹತ್ತಿರ ಹೋಗಬೇಕಾದದ್ದು ಬೇರೆ ಮಾತಿಗೆ. 'ಗೇಟಿನ ಹತ್ತಿರ ನಾನು ಹಾಗೆ ಮಾಡಬಾರದಿತ್ತು ಕಣೋ, ನಿನಗೆ ಹೇಗಾಗಿರಬೇಕು' ಅನ್ನಿ. ಅವನು ಏನಾದರೂ ಹೇಳಲಿಕ್ಕೆ ಹೊರಟರೆ ಎಷ್ಟು ಹೊತ್ತಾದರೂ ಕೇಳಿಸಿಕೊಳ್ಳಿ. ಏನೂ ಹೇಳದಿದ್ದರೂ ಪರವಾಗಿಲ್ಲ. ಸಿನಿಮಾದ ತೀರ್ಮಾನ ನಿಮ್ಮದೇ.

ನಿಮ್ಮದು ಅಂದಮೇಲೆ ಅದನ್ನು ನಟನಾಗಿ ನೋಡಿ. ಸ್ಕ್ರಿಪ್ಟ್ ತರಿಸಿಕೊಳ್ಳಿ. ನಿಮ್ಮ ಪಾತ್ರದ ಮಾತುಗಳನ್ನೆಲ್ಲ ಉಗ್ಗಿಲ್ಲದೆ ಒಮ್ಮೆ ಗಟ್ಟಿಯಾಗಿ ಓದಿ. ಎಲ್ಲಾದರೂ ನಗು ಉಳಿಯಿತಾ? ಉಳಿದರೆ ಅಲ್ಲೊಬ್ಬ ಮನುಷ್ಯ ಇದ್ದಾನೆ, ಅವನಿಗೇನೋ ಬೇಕಾಗಿದೆ, ಅದು ಸಿಗುತ್ತಿಲ್ಲ ಅಂತ ಅರ್ಥ. ಏನೂ ಉಳಿಯದಿದ್ದರೆ ಬರೆದವರು ಜೋಕೇ ಬರೆದಿಲ್ಲ, ನಿಮ್ಮ ನಾಲಿಗೆಯ ಮೇಲೆ ಭಾರ ಹಾಕಿ ಕೈ ತೊಳೆದುಕೊಂಡಿದ್ದಾರೆ.

ಒಂದು ಸವಕಲು ಸೀನ್ ತಗೊಳ್ಳಿ, ಇಂಥದ್ದನ್ನು ನೀವು ಹತ್ತು ಸಲವಾದರೂ ಮಾಡಿರುತ್ತೀರಿ. ಬೆಂಕಿ ಬಿದ್ದಿದೆ. ಹೇಳಲಿಕ್ಕೆ ಓಡಿ ಬಂದಿದ್ದೀರಿ. 'ಬೆ... ಬೆ... ಬೆ...' ಸುತ್ತ ಇರುವವರು: 'ಬೆಕ್ಕಾ? ಬೆಟ್ಟಾನಾ? ಬೆಳ್ಳೀನಾ?' ನೀವು ಕಣ್ಣು ಹೊರಳಿಸುತ್ತೀರಿ, ಕಾಲು ಕುಟ್ಟುತ್ತೀರಿ. ನಗು ನಿಮ್ಮ ಮೇಲೆ. ಈಗ ಒಂದೇ ಒಂದು ಬದಲಾವಣೆ ಮಾಡೋಣ. ಮೂರನೇ ಊಹೆಗೆ ನೀವು ಪ್ರಯತ್ನ ಬಿಟ್ಟು, ಕುರ್ಚಿ ಎಳೆದುಕೊಂಡು ಆರಾಮಾಗಿ ಕೂರುತ್ತೀರಿ. 'ನೀವೇ ಹೇಳಿ ಮುಗಿಸಿ' ಅನ್ನುವ ಮುಖ. ಅವರ ಊಹೆ ನಿಲ್ಲುವುದೇ ಇಲ್ಲ. ಆಮೇಲೆ ಊಹಿಸುತ್ತಿದ್ದವನ ಪಂಚೆಯ ತುದಿಯಿಂದಲೇ ಹೊಗೆ ಏಳುತ್ತದೆ. ಅದೇ ಉಗ್ಗು, ಅದೇ ಬೆಂಕಿ. ನಗು ಮಾತ್ರ ಕಾಯಲಾರದವರ ಮೇಲೆ ಬಿತ್ತು. ನಿರ್ದೇಶಕರ ಮುಂದೆ ಭಾಷಣ ಬೇಡ, ಇಂಥ ಎರಡು ಸೀನ್ ಮಾಡಿ ತೋರಿಸಿ. ಕಾಮಿಡಿ ಗೊತ್ತಿರುವ ನಿರ್ದೇಶಕನಾದರೆ ತಕ್ಷಣ ಹಿಡಿದುಕೊಳ್ಳುತ್ತಾನೆ, ಯಾಕೆಂದರೆ ಇದು ಜಾಸ್ತಿ ನಗಿಸುತ್ತದೆ. ಇನ್ನೊಂದು ಮಾತು, ಡಬ್ಬಿಂಗಿನ ಬಗ್ಗೆ ಮೊದಲೇ ಖಚಿತ ಮಾಡಿಕೊಳ್ಳಿ. ಸೆಟ್ಟಿನಲ್ಲಿ ಹೂಂ ಅಂದವರು ಡಬ್ಬಿಂಗ್ ರೂಮಿನಲ್ಲಿ 'ಇನ್ನೊಂದು ನಾಲ್ಕು ಬೆ ಸೇರಿಸಿ' ಅಂದುಬಿಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಇಲ್ಲಿ ಹಳೆಯ ಕನ್ನಡ ಸಿನಿಮಾದ ಇಬ್ಬರು ಹಾಸ್ಯನಟರನ್ನು ನೆನೆಯಬೇಕು ಅನ್ನಿಸುತ್ತದೆ. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೂ ಎದುರಿನವರ ಮಾತಿಗೆ ಅವರು ಕೊಡುವ ಉತ್ತರ ಒಂದು ಚೂರು ಆಚೀಚೆ ಆದದ್ದನ್ನು ನಾನಂತೂ ನೋಡಿಲ್ಲ. ಟೈಮಿಂಗ್ ಕಿವಿಯಲ್ಲಿ ಇರುತ್ತದೆ ಅಂದುಕೊಂಡಿದ್ದ ನನಗೆ ಅದು ಕಣ್ಣಲ್ಲೂ ಇರುತ್ತದೆ ಅಂತ ಗೊತ್ತಾದದ್ದು ಅವರನ್ನು ನೋಡಿ. ಇನ್ನೊಬ್ಬರು ನರಸಿಂಹರಾಜು. ಸಣಕಲು ಮೈ, ಎದ್ದು ಕಾಣುವ ಹಲ್ಲು. ಆ ಹಲ್ಲನ್ನೇ ಮುಂದಿಟ್ಟುಕೊಂಡು ನಾಡನ್ನೇ ನಗಿಸಿದರು. ಆದರೆ ಹಲ್ಲು ಅವರದೇ ಆಗಿತ್ತು, ನಗಿಸುವ ಹಕ್ಕೂ ಅವರದೇ. ನೀವು ಹನ್ನೆರಡು ವರ್ಷದ ಹಿಂದೆ ಉಗ್ಗನ್ನು ಎಲ್ಲಿಂದಲೋ ಕಡ ತಂದಿರಿ, ಆಗ ಅದರ ವಾರಸುದಾರ ಯಾರೋ ಗೊತ್ತಿರಲಿಲ್ಲ. ಈಗ ಅವನು ನಿಮ್ಮ ಮನೆಯಲ್ಲೇ ಇದ್ದಾನೆ.

ನಿಮ್ಮ ಜಾಗದಲ್ಲಿ ನಿಂತ ನಟ ಮತ್ತೊಬ್ಬರೂ ಇದ್ದಾರೆ. ಇಂಗ್ಲೆಂಡಿನ ಮೈಕೇಲ್ ಪೇಲಿನ್. 1988ರ ಒಂದು ಹಾಸ್ಯಚಿತ್ರದಲ್ಲಿ ಅವರದು ಉಗ್ಗುವ ಪಾತ್ರ. ಅವರ ತಂದೆಗೆ ಉಗ್ಗು ಇತ್ತು. ಅದನ್ನು ಹತ್ತಿರದಿಂದ ನೋಡಿಯೇ ಆ ಪಾತ್ರ ಕಟ್ಟಿದರು. ಅಷ್ಟಾದರೂ ಉಗ್ಗು ಇರುವ ಕೆಲವರಿಗೆ ನೋವಾಯಿತು, ಆಕ್ಷೇಪಣೆ ಬಂತು. 1993ರಲ್ಲಿ ಲಂಡನ್ನಿನಲ್ಲಿ ಉಗ್ಗುವ ಮಕ್ಕಳಿಗಾಗಿಯೇ ಒಂದು ಕೇಂದ್ರ ಶುರುವಾಯಿತು, ಅವರ ಹೆಸರಿನಲ್ಲೇ. ಇದರಿಂದ ಪಾತ್ರದ ಲೆಕ್ಕ ಸರಿಹೋಯಿತು ಅಂತ ನಾನು ಹೇಳಲಾರೆ, ನೋವಾದವರಿಗೆ ನೋವಾದದ್ದೇ. ಹತ್ತಿರದಿಂದ ನೋಡಿ ಮಾಡಿದರೂ ನೋವಾಗಬಹುದು ಅನ್ನುವುದು ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ಹತ್ತಿರದಿಂದ ನೋಡುವ ಮಾತು ಬಂತಲ್ಲ, ಒಂದು ವಿಷಯ ಕೇಳುತ್ತೇನೆ. ಸಿನಿಮಾದಲ್ಲಿ ನೀವು ಉಗ್ಗುವ ಹಾಗೆ ನಿಮ್ಮ ಮಗ ಉಗ್ಗುತ್ತಾನಾ? ನನಗೆ ಅನುಮಾನ. ಸಿನಿಮಾದ ಉಗ್ಗು ಬರೀ ಮೊದಲ ಅಕ್ಷರದ ಪಲ್ಲವಿ. ನಿಜದ ಉಗ್ಗಿನಲ್ಲಿ ಎಷ್ಟೋ ಸಲ ಸದ್ದೇ ಇರುವುದಿಲ್ಲ. ಗಂಟಲು ಕಟ್ಟಿದ ಹಾಗೆ ಮಾತು ಒಳಗೇ ನಿಂತಿರುತ್ತದೆ, ಕಣ್ಣು ಬೇರೆ ಕಡೆ ಹೋಗುತ್ತದೆ. ಕಷ್ಟದ ಪದ ಬರುತ್ತಿದೆ ಅಂತ ಗೊತ್ತಾದ ಕೂಡಲೇ ದಾರಿ ಬದಲಿಸಿ ಬೇರೆ ವಾಕ್ಯ ಹಿಡಿಯುವವರಿದ್ದಾರೆ. ಹಾಡುವಾಗ, ಎಲ್ಲರ ಜೊತೆ ಸೇರಿ ಹೇಳುವಾಗ ಬಹುತೇಕ ಜನ ಉಗ್ಗುವುದೇ ಇಲ್ಲ. ಮಿಸ್ಟರ್ ಬೀನ್ ಆಗಿ ಜಗತ್ತನ್ನು ನಗಿಸಿದ ರೋವನ್ ಅಟ್ಕಿನ್ಸನ್ ಅವರಿಗೂ ಉಗ್ಗು ಇದೆ. ಬೇರೆ ಪಾತ್ರವಾದಾಗ ಅದು ಇರುವುದಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. (ಹಾಗಂತ ನಾಳೆಯೇ ಮಗನನ್ನು ಸ್ಟೇಜ್ ಹತ್ತಿಸಬೇಡಿ, ದಯವಿಟ್ಟು.) ಹನ್ನೆರಡು ವರ್ಷ ಮಾಡಿದ ಪಾತ್ರದಲ್ಲಿ ನೀವು ಇದ್ಯಾವುದನ್ನೂ ಇನ್ನೂ ಮುಟ್ಟಿಯೇ ಇಲ್ಲ ಅಲ್ವಾ?

ನನ್ನ ಅಭಿಪ್ರಾಯ ನೇರವಾಗಿ ಕೇಳಿದರೆ, ಈಗ ಇರುವ ಹಾಗೆ ಈ ಪಾತ್ರ ಒಪ್ಪಬೇಡಿ. ಬದಲಾಯಿಸಿ ಅಂತ ಕೇಳಿ, ಬದಲಾದರೆ ಮನಸ್ಸಿಟ್ಟು ಮಾಡಿ. ಆಗಲ್ಲ ಅಂದರೆ ಬಿಟ್ಟುಬಿಡಿ. 'ಇನ್ನೊಬ್ಬ ಮಾಡುತ್ತಾನೆ' ಅಂದಿರಿ. ಮಾಡಲಿ, ಅವನನ್ನು ನಿಮ್ಮ ಮಗ ಅಪ್ಪಾ ಅಂತ ಕರೆಯುವುದಿಲ್ಲ. ಸಾಲದ ಭಯ ಸುಳ್ಳಲ್ಲ; ಒಂದೆರಡು ಕಂತಿಗೆ ಕಷ್ಟವಾಗಬಹುದು, ಹೆಂಡತಿಯ ಜೊತೆ ಕೂತು ಅದಕ್ಕೊಂದು ದಾರಿ ನೋಡಿ. ಆದರೆ ಒಂದೇ ಮ್ಯಾನರಿಸಂ ನಂಬಿದ ಹಾಸ್ಯನಟನ ಕಥೆ ನಿಮಗೆ ನಾನು ಹೇಳಬೇಕಾ? ಜನಕ್ಕೆ ಬೇಜಾರಾಗಿದೆ ಅಂತ ಗೊತ್ತಾಗುವುದು ಕಾಲ್‌ಶೀಟ್ ಕೇಳುವ ಫೋನ್ ನಿಂತ ಮೇಲೆ. ಉಗ್ಗದೆ ನಗಿಸುವುದನ್ನು ಹೇಗೂ ಒಂದು ದಿನ ಕಲಿಯಲೇಬೇಕು. 41 ತಡವಲ್ಲ.

ಮತ್ತೆ ಗೇಟಿಗೆ ಬರೋಣ. ಮಗ ಒಪ್ಪಿದ ದಿನ, ಒಪ್ಪಿದರೆ ಮಾತ್ರ, ಶಾಲೆಗೆ ನೀವೇ ಬಿಡಲು ಹೋಗಿ. ಯಾರಾದರೂ ಕೇಳಿಯೇ ಕೇಳುತ್ತಾರೆ, 'ಸಾರ್, ಒಂದ್ ಸಲ' ಅಂತ. ಕೋಪ ಮಾಡಿಕೊಳ್ಳಬೇಡಿ, ಅವರಿಗೇನು ಗೊತ್ತು. ಮಗನ ಕಥೆಯನ್ನೂ ಹೇಳಬೇಡಿ, ಅದನ್ನು ಹೇಳುವುದು ಬಿಡುವುದು ಅವನಿಗೆ ಸೇರಿದ್ದು. 'ಆ ಪಾತ್ರ ಇವತ್ತು ರಜೆ ಸಾರ್' ಅಂತ ನಗುನಗುತ್ತಾ ಅಂದು ಮುಂದೆ ನಡೆಯಿರಿ. ಮಗನ ಕೈ ಏನು ಮಾಡಿತು ಅಂತ ನನಗೊಂದು ಸಾಲು ಬರೆಯಿರಿ.